ಎಂಟನೇ ಗೆರೆ

ಇದನ್ನು ನನಗೆ ಮೊದಲು ಹೇಳಿದವಳು ನನ್ನ ದೊಡ್ಡಮ್ಮನ ಮಗಳು. ಸಂಬಂಧದಲ್ಲಿ ಅಕ್ಕ, ಕೆಲಸದಲ್ಲಿ ಗಣಿತದ ಟೀಚರು. ದೆವ್ವ ಬಂದು ಬಾಗಿಲು ತಟ್ಟಿದರೂ ‘ಚಪ್ಪಲಿ ಹೊರಗೆ ಬಿಟ್ಟು ಬಾ’ ಅನ್ನುವ ಪೈಕಿ. ಅಂಥವಳು ಆ ರಾತ್ರಿ ಮಕ್ಕಳು ಮಲಗುವವರೆಗೆ ಕಾದಳು. ಅಡುಗೆಮನೆಯ ನಲ್ಲಿ ನಿಲ್ಲಿಸಿದೆಯೋ ಇಲ್ಲವೋ ಎಂದು ಎರಡು ಸಲ ಹೋಗಿ ನೋಡಿದಳು. ಆಮೇಲೆ ನನ್ನ ಪಕ್ಕ ಕೂತು ಪಿಸುದನಿಯಲ್ಲಿ ಶುರುಮಾಡಿದಳು. ನಡೆದದ್ದು ಅವಳ ಗಂಡನಿಗೆ. ಭಾವ ಪಕ್ಕದ ಕೋಣೆಯಲ್ಲೇ ಇದ್ದರು, ಬಾಗಿಲು ತೆರೆದೇ ಇತ್ತು. ಕತೆ ಮುಗಿಯುವವರೆಗೆ ಒಂದು ಸಲವೂ ‘ಹಾಗಲ್ಲ ಕಣೇ’ ಅನ್ನಲಿಲ್ಲ. ಹೆಂಡತಿ ಹೇಳುವ ಯಾವ ಕತೆಯನ್ನೂ ನಡುವೆ ಬಾಯಿ ಹಾಕದೆ ಬಿಟ್ಟವರಲ್ಲ ನಮ್ಮ ಭಾವ. ನನಗೆ ಭಯವಾದದ್ದು ಅದಕ್ಕೇ.

ಎಷ್ಟೋ ವರ್ಷದ ಹಿಂದೆ ಒಂದು ರಾತ್ರಿ ಭಾವ ಶೆಡ್ಡಿನಿಂದ ಮನೆಗೆ ನಡೆದು ಬರುತ್ತಿದ್ದರು. ಹನ್ನೊಂದು ದಾಟಿತ್ತು. ಶೆಡ್ಡೆಂದರೆ ಸೇನೆಯ ಹೆಲಿಕಾಪ್ಟರುಗಳನ್ನು ಬಿಚ್ಚಿ, ನೋಡಿ, ಮತ್ತೆ ಜೋಡಿಸುವ ದೊಡ್ಡ ತಗಡಿನ ಶೆಡ್ಡು. ಅಲ್ಲಿಂದ ಅವರ ಕ್ವಾರ್ಟರ್ಸಿಗೆ ಹತ್ತು ನಿಮಿಷದ ದಾರಿ. ನಡುವೆ ಒಂದು ಹಳೆಯ ಬಾವಿ. ಅದರ ಬಾಯಿಗೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ, ಪಕ್ಕದಲ್ಲಿ ನೀರೆತ್ತುವ ಮೋಟಾರು. ಹತ್ತೊಂಬತ್ತು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದರು. ತಿರುಗಿ ನೋಡಿದ ನೆನಪೇ ಇಲ್ಲ.

ಆ ರಾತ್ರಿ ಬಾವಿಯ ಒಳಗಿಂದ ಸದ್ದು ಬಂತು.

ಕರ್ರ್... ಕರ್ರ್... ಕರ್ರ್...

ಮೋಟಾರು ನಿಂತಿತ್ತು. ಕಪ್ಪೆಯೂ ಅಲ್ಲ. ರಾಟೆ ಎನ್ನೋಣವೆಂದರೆ ಆ ಬಾವಿಗೆ ರಾಟೆಯೇ ಇರಲಿಲ್ಲ. ಆದರೆ ಅದೇನೆಂದು ತಿಳಿಯಲು ಭಾವನಿಗೆ ಅಷ್ಟೆಲ್ಲ ಯೋಚನೆ ಬೇಕಿರಲಿಲ್ಲ. ಅದು ನಟ್ಟು ಬಿಗಿಮಾಡುವ ಪಾನಾ. ಹಿಡಿಯನ್ನು ಮುಂದಕ್ಕೆ ಒತ್ತಿ, ಹಿಂದಕ್ಕೆ ತರುವಾಗ ಅದರ ಹಲ್ಲುಗಳು ಮಾಡುವ ಸದ್ದು. ಈ ಪಾನಾದಲ್ಲಿ ಒಂದು ವಿಶೇಷವಿದೆ. ನಟ್ಟು ಎಷ್ಟು ಬಿಗಿಯಾಗಬೇಕೋ ಅಷ್ಟು ಬಿಗಿಯಾದ ಕೂಡಲೇ ಅದರೊಳಗೆ ಏನೋ ಜಾರಿ ‘ಟಕ್’ ಅನ್ನುತ್ತದೆ. ಅದಕ್ಕೆ ಶೆಡ್ಡಿನಲ್ಲಿ ಎಲ್ಲರೂ ಅದನ್ನು ಟಕ್ ಪಾನಾ ಅನ್ನುತ್ತಿದ್ದರು. ಟಕ್ ಅಂದರೆ ಕೆಲಸ ಮುಗಿಯಿತು. ಅನ್ನದಿದ್ದರೆ ಮುಗಿದಿಲ್ಲ.

ಭಾವ ನಿಂತು ಕಾದರು.

ಕರ್ರ್... ಕರ್ರ್... ಹತ್ತು ಸಲ ಆಯಿತು. ಇಪ್ಪತ್ತು ಸಲ ಆಯಿತು.

ಟಕ್ ಅನ್ನಲೇ ಇಲ್ಲ.

ಮನೆಗೆ ಬಂದವರು ಊಟ ಬೇಡವೆಂದರು. ಯಾಕೆಂದು ಅಕ್ಕ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಅಂದರು. ಹೊಟ್ಟೆ ಸರಿಯಾಗಿಯೇ ಇತ್ತು. ಅವತ್ತು ಮಧ್ಯಾಹ್ನ ಅವರು ಒಂದು ಮಾತು ಆಡಿ ಬಂದಿದ್ದರು. ಸುಳ್ಳಲ್ಲದ ಮಾತು... ತೊಂದರೆ ಅದೇ.

ಅದೇನೆಂದು ಹೇಳಬೇಕಾದರೆ ಎರಡು ವಾರ ಹಿಂದಕ್ಕೆ ಹೋಗಬೇಕು.

ಹಾರುವ ಯಂತ್ರದಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಯಾವ ಕೆಲಸಕ್ಕೂ ಎರಡು ಸಹಿ ಬೀಳಬೇಕು. ಮೊದಲನೆಯದು ಮಾಡಿದವನದು, ಎರಡನೆಯದು ನೋಡಿದವನದು. ನೋಡುವವನು ಕೆಲಸಕ್ಕೆ ಕೈ ಹಾಕುವಂತಿಲ್ಲ. ಭಾವ ನೋಡುವವರು. ಶೆಡ್ಡಿನಲ್ಲಿ ಅವರಿಗೆ ‘ಎರಡನೇ ಸಹಿ’ ಎಂದೇ ಅಡ್ಡಹೆಸರು. ಮದುವೆ ನೋಂದಣಿಯಲ್ಲೂ ಮೊದಲ ಸಹಿ ತನ್ನದೇ ಎಂದು ಅಕ್ಕ ಈಗಲೂ ಹೇಳಿಕೊಳ್ಳುತ್ತಾಳೆ. ಕೆಲಸದಲ್ಲಿ ಗಟ್ಟಿಗರು, ಆದರೆ ಅವಸರದ ಮನುಷ್ಯ. ಅವರ ಮದುವೆಯ ಫೋಟೋದಲ್ಲಿ ಎಲ್ಲರೂ ನಿಂತಿದ್ದಾರೆ, ಭಾವನ ಬಲಗಾಲು ಮಾತ್ರ ಆಗಲೇ ಹೊರಟಿದೆ.

ಮಾಡುವವನು ನಿಧಾನಣ್ಣ. ಅದೂ ಅಡ್ಡಹೆಸರೇ. ಭಾವನಿಗಿಂತ ಎರಡು ವರ್ಷ ದೊಡ್ಡವನು, ಹುದ್ದೆಯಲ್ಲಿ ಕೆಳಗಿನವನು. ಏನು ಕೇಳಿದರೂ ‘ಒಂದ್ನಿಮಿಷ ಸಾರ್’ ಅನ್ನುತ್ತಿದ್ದ. ಆತನ ಒಂದು ನಿಮಿಷ ಮುಗಿಯುವುದರೊಳಗೆ ಟೀ ಕುಡಿದು, ಲೋಟ ತೊಳೆದು, ಇನ್ನೊಂದು ಟೀ ಕುಡಿಯಬಹುದು ಎಂದು ಭಾವನೇ ನಗಾಡುತ್ತಿದ್ದರು. ಆದರೆ ಆತ ಬಿಗಿಮಾಡಿದ ನಟ್ಟು ಸಡಿಲವಾಯಿತು ಎಂದು ಯಾರೂ ಯಾವತ್ತೂ ಹೇಳಿದ್ದಿಲ್ಲ.

ನಟ್ಟು ಬಿಗಿಯಾದ ಮೇಲೆ ಅದನ್ನು ಬಿಗಿಮಾಡಿದವನು ಸಣ್ಣ ಬ್ರಷ್ಷಿನಿಂದ ಒಂದು ಕೆಂಪು ಗೆರೆ ಎಳೆಯಬೇಕು. ನಟ್ಟಿನ ಮೇಲಿಂದ ಪಕ್ಕದ ಲೋಹದವರೆಗೆ, ಎರಡಕ್ಕೂ ಸೇರಿದ ಒಂದೇ ಗೆರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗುತ್ತದೆ, ದೂರದಿಂದಲೇ ಕಾಣುತ್ತದೆ. ನಿಧಾನಣ್ಣನ ಗೆರೆ ಚಾಕುವಿನ ತುದಿಯಂತೆ ಸಣ್ಣಗೆ ಮುಗಿಯುತ್ತಿತ್ತು. ಇನ್ನೊಂದು ಅಭ್ಯಾಸ ಆತನಿಗಿತ್ತು. ಕೆಲಸ ಅರ್ಧಕ್ಕೆ ಬಿಟ್ಟು ಏಳಬೇಕಾದರೆ ತಲೆಯ ಟೋಪಿ ತೆಗೆದು ಅದರ ಮೇಲೆ ಇಟ್ಟು ಹೋಗುವುದು. ನಿಯಮದ ಪ್ರಕಾರ ‘ಕೆಲಸ ಬಾಕಿ’ ಎಂಬ ಕೆಂಪು ಚೀಟಿ ನೇತುಹಾಕಬೇಕು. ಚೀಟಿಗಳ ಡಬ್ಬ ಶೆಡ್ಡಿನ ಆ ಕೊನೆಯಲ್ಲಿತ್ತು. ಟೋಪಿ ತಲೆಯ ಮೇಲೆಯೇ ಇತ್ತು. ಟೋಪಿ ಕೂತಿದ್ದರೆ ಕೆಲಸ ಬಾಕಿ ಎಂದು ಶೆಡ್ಡಿಗೆಲ್ಲ ಗೊತ್ತಿತ್ತು. ಭಾವನಿಗೂ ಗೊತ್ತಿತ್ತು.

ಆ ದಿನ ಮಧ್ಯಾಹ್ನ ನಿಧಾನಣ್ಣನ ಕೈಯಲ್ಲಿ ಇದ್ದದ್ದು ಬಾಲದ ಫ್ಯಾನನ್ನು ತಿರುಗಿಸುವ ದಂಡ. ಅದರ ಜೋಡಣೆಗೆ ಎಂಟು ನಟ್ಟು. ಏಳು ಮುಗಿದಿದ್ದವು. ಶೆಡ್ಡಿನಲ್ಲಿದ್ದ ಎರಡು ಟಕ್ ಪಾನಾಗಳಲ್ಲಿ ಒಂದು ತಪಾಸಣೆಗೆ ಹೋಗಿತ್ತು. ಪಕ್ಕದ ಯಂತ್ರದವರು ಬಂದು, ಎರಡು ನಿಮಿಷ ಕೊಡಣ್ಣ ಎಂದು ಇದ್ದೊಂದು ಪಾನಾವನ್ನು ಇಸಿದುಕೊಂಡು ಹೋದರು. ನಿಧಾನಣ್ಣ ಎಂಟನೇ ನಟ್ಟನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ಮೇಲೆ ಟೋಪಿ ಇಟ್ಟು, ಪಾನಾದ ಹಿಂದೆಯೇ ಹೋದ. ಕೊಟ್ಟ ಪಾನಾವನ್ನು ಕಣ್ಣಳತೆಯಿಂದ ಆಚೆ ಬಿಡುವವನಲ್ಲ ಆತ.

ಅಷ್ಟರಲ್ಲಿ ಭಾವ ಬಂದರು. ಆಫೀಸಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಇಬ್ಬರು ಪೈಲಟ್ಟುಗಳು ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಭಾವ ಟೋಪಿ ಎತ್ತಿದರು. ಏಳು ನಟ್ಟಿಗೆ ಏಳು ಗೆರೆ. ಎಂಟನೆಯದು ಕೂತಿದೆ, ಗೆರೆಯಿಲ್ಲ.

ಬಾಕಿ ಅಂದರೆ ಗೆರೆಯೊಂದೇ, ಮರೆತಿದ್ದಾನೆ ಅಂದುಕೊಂಡರು.

ಬೆರಳಿನಿಂದ ಒತ್ತಿ ನೋಡಿದರು. ಅಲುಗಲಿಲ್ಲ. ಬರಿಗೈಯಲ್ಲಿ ಕೂರಿಸಿದ ನಟ್ಟೂ ಬೆರಳಿಗೆ ಅಲುಗುವುದಿಲ್ಲ. ಇದು ಹೊಸಬನಿಗೆ ಗೊತ್ತಿರುತ್ತದೆ, ಹತ್ತೊಂಬತ್ತು ವರ್ಷದವನಿಗೆ ಮರೆತುಹೋಗಿರುತ್ತದೆ. ಜೇಬಿನಲ್ಲಿ ಬಣ್ಣದ ಪುಟ್ಟ ಶೀಶೆ ಇತ್ತು. ಪಾಪ, ಇಷ್ಟಕ್ಕೆ ಅವನು ಬೈಸಿಕೊಳ್ಳುವುದು ಬೇಡವೆಂದು ತಾವೇ ಗೆರೆ ಎಳೆದರು. ಅವಸರಕ್ಕೆ ಬ್ರಷ್ಷು ತುಸು ಹೆಚ್ಚೇ ನೆನೆದಿತ್ತು, ಗೆರೆಯ ತುದಿಯಲ್ಲಿ ಒಂದು ಹನಿ ನಿಂತಿತು. ಟೋಪಿಯನ್ನು ಪಕ್ಕದ ಪೆಟ್ಟಿಗೆಯ ಮೇಲಿಟ್ಟರು. ಕಾರ್ಡಿಗೆ ಸಹಿ ಹಾಕಿದರು. ಫೋನಿಗೆ ಓಡಿದರು.

ನಿಧಾನಣ್ಣ ಪಾನಾ ಹಿಡಿದು ವಾಪಸು ಬಂದದ್ದನ್ನು ಭಾವ ಆಫೀಸಿನ ಗಾಜಿನ ಕಿಟಕಿಯಿಂದ ಕಂಡರು. ಆತ ಎಂಟು ಗೆರೆ ನೋಡಿದ. ಕಾರ್ಡಿನಲ್ಲಿ ಎರಡನೇ ಸಹಿ ನೋಡಿದ. ಕಿಟಕಿಯ ಕಡೆ ತಿರುಗಿ ಪಾನಾವನ್ನು ಮೇಲೆತ್ತಿ ತೋರಿಸಿದ. ಬಾಯಿ ಏನೋ ಅಂದಿತು. ಗಾಜಿನ ಈಚೆಗೆ ಕೇಳಿಸಲಿಲ್ಲ. ಆದರೆ ಆ ತುಟಿಗಳು ಏನು ಹೇಳುತ್ತವೆಂದು ಶೆಡ್ಡಿನಲ್ಲಿ ಯಾರಿಗೆ ಗೊತ್ತಿಲ್ಲ... ಒಂದ್ನಿಮಿಷ ಸಾರ್.

ಭಾವ ಕಿವಿಯಲ್ಲಿ ಫೋನು ಇಟ್ಟುಕೊಂಡೇ ಹೆಬ್ಬೆರಳು ಎತ್ತಿದರು. ಎಲ್ಲ ಆಗಿದೆ, ಹೊರಡಿ.

ಸಾರೇ ಹೇಳಿದ ಮೇಲೆ, ತಪಾಸಣೆಗೆ ಹೋದ ಪಾನಾ ವಾಪಸು ಬಂದು ಅದರಲ್ಲಿ ಯಾರೋ ಮುಗಿಸಿರಬೇಕು ಎಂದು ಆತ ತಿಳಿದ. ಕಾರ್ಡಿಗೆ ಮೊದಲ ಸಹಿ ಹಾಕಿ, ಪಾನಾವನ್ನು ಅದರ ಜಾಗದಲ್ಲಿಟ್ಟ. ಕೆಲಸ ಮಾಡಿದವನೇ ಮೊದಲ ಹಾರಾಟದಲ್ಲಿ ಕೂರಬೇಕೆಂಬುದು ಆ ಶೆಡ್ಡಿನ ಪದ್ಧತಿ. ಟೋಪಿ ಹಾಕಿಕೊಂಡ. ಹತ್ತಿ ಕೂತ.

ಪರೀಕ್ಷೆಯ ಹಾರಾಟ ಸಮುದ್ರದ ಮೇಲೆ, ಕೆಳಗೆ ಮನೆಮಠ ಇರಬಾರದೆಂದು. ಸಮುದ್ರ ಅಲ್ಲಿಂದ ಅರವತ್ತು ಕಿಲೋಮೀಟರು. ಹೊರಟ ಮೂವತ್ತೊಂದನೇ ನಿಮಿಷಕ್ಕೆ ಬಾಲದ ಫ್ಯಾನು ನಿಂತಿತು. ಯಂತ್ರ ಬುಗುರಿಯಂತೆ ಸುತ್ತುತ್ತಾ ನೀರಿಗೆ ಬಿತ್ತು. ಇಬ್ಬರು ಪೈಲಟ್ಟುಗಳ ದೇಹ ಅದೇ ಸಂಜೆ ಸಿಕ್ಕಿದವು. ನಿಧಾನಣ್ಣ ಸಿಗಲಿಲ್ಲ.

ತನಿಖೆಗೆ ಬೇರೆ ಊರಿನಿಂದ ಒಬ್ಬ ಅಧಿಕಾರಿ ಬಂದರು. ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು ಕನ್ನಡಕ, ಮೂರನೆಯದನ್ನು ಸದಾ ಹುಡುಕುತ್ತಿರುವ ಹೆಂಗಸು. ಎರಡೇ ದಿನದಲ್ಲಿ ಕನ್ನಡಕದ ಮೇಡಂ ಆದರು. ಖಾಲಿ ಶೆಡ್ಡೊಂದರ ನೆಲದ ಮೇಲೆ ಸೀಮೆಸುಣ್ಣದಿಂದ ಹೆಲಿಕಾಪ್ಟರಿನ ಪೂರ್ತಿ ಅಳತೆಯ ಆಕಾರ ಬರೆಸಿದರು. ಮುಳುಗುಗಾರರು ಮೇಲೆತ್ತಿದ ಚೂರುಗಳು ದಿನಾ ಸಂಜೆ ಲಾರಿಯಲ್ಲಿ ಬರುತ್ತಿದ್ದವು. ಉಪ್ಪುನೀರಿನಿಂದ ಎದ್ದ ಲೋಹವನ್ನು ಹಾಗೇ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ತಿಂದುಹೋಗುತ್ತದೆ, ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು. ಆ ಬಾವಿಯ ನೀರಿನಲ್ಲೇ ತೊಳೆದರು. ತೊಳೆದ ಚೂರನ್ನು ಸುಣ್ಣದ ಆಕಾರದೊಳಗೆ ಅದರ ಜಾಗದಲ್ಲಿ ಇಡುವುದು ಭಾವನ ಕೆಲಸ. ಎರಡನೇ ಸಹಿ ಹಾಕಿದವರೇ ತನಿಖೆಯೊಳಗೆ ಇರುವುದು ಸರಿಯಲ್ಲವೆಂದು ಮೇಡಮ್ಮಿಗೂ ಗೊತ್ತಿತ್ತು. ಆದರೆ ಸುರುಟಿಹೋದ ತಗಡನ್ನು ಮುಟ್ಟಿಯೇ ಇದು ಎಲ್ಲಿಯದೆಂದು ಹೇಳಬಲ್ಲವರು ಆ ಶೆಡ್ಡಿನಲ್ಲಿ ಇದ್ದದ್ದು ಇಬ್ಬರು. ಒಬ್ಬ ಸಮುದ್ರದಲ್ಲಿದ್ದ.

ಹನ್ನೊಂದು ದಿನ ಭಾವ ನೆಮ್ಮದಿಯಿಂದಲೇ ಕೆಲಸ ಮಾಡಿದರು. ದುಃಖವಿತ್ತು, ಆದರೆ ಕಳ್ಳ ಮನಸ್ಸು ಇರಲಿಲ್ಲ. ಹನ್ನೆರಡನೇ ದಿನ ಮಧ್ಯಾಹ್ನ, ಹಿಂದಿನ ಸಂಜೆ ಬಂದ ರಾಶಿಯೊಳಗಿಂದ ಬಾಲದ ಜೋಡಣೆ ಹೊರಬಂತು. ಏಳು ನಟ್ಟು, ಏಳು ಗೆರೆ, ಒಂದೂ ಮುರಿದಿಲ್ಲ. ಎಂಟನೇ ತೂತು ಖಾಲಿ. ಅದರ ಪಕ್ಕದ ಲೋಹದ ಮೇಲೆ ಅರ್ಧ ಗೆರೆ ಉಳಿದಿತ್ತು.

ತುದಿಯಲ್ಲಿ ಒಂದು ಹನಿ.

ಮೇಲೆತ್ತಿದ ಪಾನಾ, ಗಾಜಿನಾಚೆಯ ತುಟಿಗಳು, ತಮ್ಮ ಹೆಬ್ಬೆರಳು... ಎಲ್ಲವೂ ಭಾವನಿಗೆ ಒಟ್ಟಿಗೇ ಅರ್ಥವಾದವು.

ಮೇಡಂ ಕನ್ನಡಕ ಬದಲಿಸಿ ಬಗ್ಗಿ ನೋಡಿದರು. “ಈ ಗೆರೆ ಯಾರು ಎಳೆದದ್ದು?”

“ಗೆರೆ ಎಳೆಯೋದು ಕೆಲಸ ಮಾಡಿದವನು ಮೇಡಂ,” ಅಂದರು ಭಾವ.

ನಿಯಮದ ಮಟ್ಟಿಗೆ ಅದು ಅಕ್ಷರಶಃ ನಿಜ.

ಹಾಗಾದರೆ ಬಿಗಿ ಮಾಡದೆಯೇ ಗೆರೆ ಎಳೆದುಬಿಟ್ಟಿದ್ದಾನೆ ಅಂತಾಯ್ತು ಎಂದು ಮೇಡಂ ಬರೆದುಕೊಂಡರು. ಭಾವ ನೆಲದ ಸುಣ್ಣ ನೋಡುತ್ತಾ ನಿಂತರು. ಏಳು ನಟ್ಟುಗಳನ್ನು ಬಿಚ್ಚಿ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಅರಗಿನ ಮುದ್ರೆ ಒತ್ತಿ, ಬೀರುವಿನಲ್ಲಿ ಇಟ್ಟದ್ದಾಯಿತು. ಮೇಲೊಂದು ಚೀಟಿ: ನಟ್ಟು, ಏಳು. ಮೊದಲ ಸಹಿ ಮೇಡಮ್ಮಿನದು. ಎರಡನೇ ಸಹಿ ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಬಾವಿಯಲ್ಲಿ ಸದ್ದು ಕೇಳಿಸಿದ್ದು ಆ ರಾತ್ರಿಯೇ.

ಮಾರನೇ ರಾತ್ರಿಯೂ ಕೇಳಿಸಿತು. ಮೂರನೇ ರಾತ್ರಿ ಭಾವ ಸುತ್ತುದಾರಿ ಹಿಡಿದರು. ಮನೆಗೆ ಇಪ್ಪತ್ತು ನಿಮಿಷ ಹೆಚ್ಚು. ಅವಸರದ ಮನುಷ್ಯ ಬೇಕೆಂದೇ ಸುತ್ತುದಾರಿ ಹಿಡಿದದ್ದು ಜನ್ಮದಲ್ಲಿ ಅದೇ ಮೊದಲು. ಬೆಳಿಗ್ಗೆ ನೀರು ಬಿಡುವವನು ಸಿಕ್ಕಿ, ಬಾವಿ ನೀರು ಉಪ್ಪಾಗಿದೆ ಸಾರ್ ಅಂದ. ತೊಳೆದ ನೀರು ಇಂಗಿ ಒಳಗೆ ಹೋಗುತ್ತಿರಬೇಕು ಎಂದು ಎಲ್ಲರೂ ಅಂದರು. ಭಾವನೂ ಅಂದರು. ಹಾಗೂ ಇರಬಹುದು. ನಾನು ಕಾಲೇಜು ಓದಿದವಳು, ಇಲ್ಲವೆನ್ನಲಾರೆ.

ನಾಲ್ಕನೇ ದಿನ ಸಂಜೆ ನಿಧಾನಣ್ಣನ ಹೆಂಡತಿ ಮನೆಗೆ ಬಂದಳು. ಅಕ್ಕ ಕುರ್ಚಿ ಕೊಟ್ಟಳು. ಅವಳು ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತಳು. ಅತ್ತು ಮುಗಿಸಿ ಬಂದ ಮುಖ. ಸುದ್ದಿ ಆಗಲೇ ಕ್ವಾರ್ಟರ್ಸೆಲ್ಲ ಸುತ್ತಿ ಅವಳ ಬಾಗಿಲಿಗೂ ಬಂದಿತ್ತು. ಇಬ್ಬರು ಪೈಲಟ್ಟುಗಳನ್ನು ಕೊಂದವನು ಅವಳ ಗಂಡ ಎಂದು. ನಲ್ಲಿಯ ಹತ್ತಿರ ಯಾರೋ ಅವಳಿಗೆ ದಾರಿ ಬಿಟ್ಟು ಸರಿದು ನಿಂತರಂತೆ. ಬೈದಿದ್ದರೆ ವಾಸಿಯಿತ್ತು ಅಂದಳು.

“ಅಣ್ಣಾ, ನಮ್ಮನೇಲಿ ಕುಕ್ಕರಿನ ಹಿಡಿಗೂ ಕೆಂಪು ಗೆರೆ ಇದೆ. ಮಂಚದ ಕಾಲಿಗಿದೆ. ಹೊಲಿಗೆ ಮಿಷನ್ನಿಗಿದೆ. ನನ್ನ ಉಗುರಿನ ಬಣ್ಣ ಒಂದಾದ್ರೂ ನನ್ನ ಉಗುರಿಗೆ ಬಂದಿದ್ರೆ ಹೇಳಿ...” ಇಷ್ಟು ಹೇಳಿ ನಕ್ಕಳು. ನಗು ನಡುವೆಯೇ ನಿಂತಿತು. “ಅವರು ಬಿಗಿ ಮಾಡ್ದೇ ಗೆರೆ ಎಳೆಯೋರಾ? ಇಷ್ಟು ವರ್ಷ ಹಿಂದೆ ನಿಂತು ನೋಡಿದ್ದೀರಿ. ನೀವು ಹೇಳಿದ್ರೆ ನಂಬ್ತೀನಿ.”

ತನಿಖೆ ನಡೆಯುತ್ತಿದೆಯಮ್ಮ, ಮಾತಾಡುವ ಹಾಗಿಲ್ಲ ಅಂದರು ಭಾವ. ಇದೂ ನಿಯಮದ ಮಟ್ಟಿಗೆ ನಿಜವೇ.

ಅವಳು ತಲೆಯಾಡಿಸಿದಳು. ಹೊರಡುವಾಗ ಕುರ್ಚಿಯನ್ನು ಎಲ್ಲಿತ್ತೋ ಅಲ್ಲಿಗೇ ಸರಿಸಿಟ್ಟು, ಒಂದು ಕಾಲು ಅಲುಗುತ್ತಿದೆ ನೋಡಿ ಎಂದು ಅಕ್ಕನಿಗೆ ಹೇಳಿ ಹೋದಳು.

ಮೇಡಮ್ಮಿನ ವರದಿ ಮುಗಿಯಲು ಒಂದೇ ದಿನ ಉಳಿದಿತ್ತು. ಆ ರಾತ್ರಿ ಭಾವ ಸುತ್ತುದಾರಿ ಹಿಡಿಯಲಿಲ್ಲ.

ಬಾವಿಯ ಹತ್ತಿರ ಬಂದಾಗ ಸದ್ದಿರಲಿಲ್ಲ. ಭಾವ ಟಾರ್ಚು ಹಾಕಿದರು. ಜಾಲರಿಯ ಮೇಲೆ, ನಡುಮಧ್ಯೆ, ಒಂದು ಟೋಪಿ ಕೂತಿತ್ತು.

ಒದ್ದೆ ಟೋಪಿ. ಅದರ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಟ್... ಬಹಳ ಕೆಳಗೆ ನೀರಿಗೆ ಬಿದ್ದಾಗ... ತುಳುಕ್.

ಟೋಪಿ ಕೂತಿದ್ದರೆ ಕೆಲಸ ಬಾಕಿ.

ಭಾವ ಒಮ್ಮೆ ಎತ್ತಿದ ಟೋಪಿ ಅದು, ಇನ್ನೊಮ್ಮೆ ಎತ್ತಲು ಕೈ ಬರಲಿಲ್ಲ. “ನಿಧಾನಣ್ಣಾ,” ಅಂದರು.

ಕರ್ರ್... ಕರ್ರ್...

ನಿಂತಿತು.

“ಒಂದ್ನಿಮಿಷ ಸಾರ್...” ಬಾವಿಯ ಗೋಡೆಗೆ ತಾಗಿ ತಾಗಿ ಮೇಲೆ ಬಂದ ಪಿಸುಮಾತು. ಸಿಟ್ಟಿಲ್ಲ. ಅಳುವಿಲ್ಲ. ಕೆಲಸದ ನಡುವೆ ತಲೆಯೆತ್ತದೆ ಮಾತಾಡುವವನ ದನಿ. “ಒಂದು ಬಾಕಿ ಇದೆ.”

ಕರ್ರ್... ಕರ್ರ್... ಕರ್ರ್...

ಭಾವ ಓಡಲಿಲ್ಲವಂತೆ. ನಡೆದೇ ಹೋದರು. ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದರು. ಟೋಪಿ ಎತ್ತಿದ್ದು, ಗೆರೆ ಎಳೆದದ್ದು, ಹೆಬ್ಬೆರಳು ತೋರಿಸಿದ್ದು, ಮೇಡಮ್ಮಿಗೆ ಹೇಳಿದ್ದು. ಅಕ್ಕ ಪೆನ್ನಿನ ಮುಚ್ಚಳ ಹಾಕಿ ಕೇಳಿಸಿಕೊಂಡಳು.

“ಅವತ್ತು ಅವರು ಕೇಳಿದಾಗ್ಲೇ ಯಾಕ್ರೀ ಹೇಳ್ಲಿಲ್ಲ?”

ಭಾವ ಉತ್ತರಪತ್ರಿಕೆಗಳ ಅಂಚು ಜೋಡಿಸಿದರು. “ಸತ್ತೋನಿಗೆ ಇನ್ನೇನಾಗತ್ತೆ ಅನ್ಕೊಂಡೆ.”

ಆಗ ಅಕ್ಕನ ಬೆನ್ನ ಹಿಂದೆ, ಗೋಡೆಯ ನಲ್ಲಿಯೊಳಗೆ...

ಕರ್ರ್... ಕರ್ರ್...

ಅವರ ಮನೆಗೆ ನೀರು ಬರುವುದು ಅದೇ ಬಾವಿಯಿಂದ. ಅಕ್ಕ ಎದ್ದು ನಲ್ಲಿಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿದಳು. ಸದ್ದು ನಿಲ್ಲಲಿಲ್ಲ. ತೆರೆದಳು. ಒಂದು ಹನಿ ಬಿತ್ತು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು. ಕಣ್ಣೀರಿಗಿಂತ ಉಪ್ಪು ಕಣೇ, ಎಂದು ನನಗೆ ಹೇಳುವಾಗಲೂ ಅವಳ ಮುಖ ಹುಳ್ಳಗಾಯಿತು.

“ಬೆಳಿಗ್ಗೆ ಹೋಗಿ ಹೇಳ್ಬಿಡಿ,” ಅಂದಳು. “ಕೆಲಸ ಹೋದ್ರೆ ಹೋಗ್ಲಿ. ಜೈಲು ಅಂದ್ರೆ ಜೈಲು. ನಾನಿದೀನಲ್ಲ.” ಆಮೇಲೆ ತುಸು ತಡೆದು, “ಮೊದಲು ಅವಳಿಗೆ ಹೇಳಿ. ಮೇಡಮ್ಮಿಗೆ ಆಮೇಲೆ.”

ಬೆಳಗಾಗುವವರೆಗೆ ಗಂಡಹೆಂಡತಿ ಇಬ್ಬರೂ ಆ ಅಡುಗೆಮನೆಯಲ್ಲೇ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡದೆ, ಸದ್ದು ಕೇಳುತ್ತಾ.

ಏಳು ಗಂಟೆಗೆ ಭಾವ ನಿಧಾನಣ್ಣನ ಮನೆಯ ಬಾಗಿಲಲ್ಲಿ ನಿಂತು ಹೇಳಿದರು. ಎಂಟನೇ ಗೆರೆ ನನ್ನದಮ್ಮ. ಅವಳು ಬೈಯಲಿಲ್ಲ. ಒಳಗೆ ಬನ್ನಿ ಅನ್ನಲೂ ಇಲ್ಲ. ಬಾಗಿಲ ಚಿಲಕ ಹಿಡಿದುಕೊಂಡೇ ಅವರನ್ನು ನೋಡಿದಳು. “ಇದನ್ನ ಎಲ್ಲರಿಗೂ ಹೇಳ್ತೀರಾ?” ಅಂದಳು. ಹೇಳ್ತೀನಿ ಅಂದರು. ಬಾಗಿಲು ಮುಚ್ಚಿಕೊಂಡಿತು. ಮೆಲ್ಲಗೆ.

ಎಂಟು ಗಂಟೆಗೆ ಮೇಡಮ್ಮಿನ ಎದುರು ಕೂತು ಅದನ್ನೇ ಹೇಳಿದರು. ಮೇಡಂ ಗದರಲಿಲ್ಲ. ಹಳೆಯ ಹಾಳೆ ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದು ಬರೆದುಕೊಂಡರು. ಎರಡು ಕಡೆ ನಿಲ್ಲಿಸಿ, ಟೋಪಿ ಎಲ್ಲಿತ್ತು, ಎತ್ತಿ ಎಲ್ಲಿಟ್ಟಿರಿ ಎಂದು ಕೇಳಿದರು. ಬರೆದು ಮುಗಿಸಿ ಹಾಳೆಯನ್ನು ಭಾವನ ಕಡೆ ತಿರುಗಿಸಿದರು. ಇದು ನಿಮ್ಮ ಹೇಳಿಕೆ, ಮೊದಲು ನೀವು ಸಹಿ ಹಾಕಿ ಅಂದರು. ಹತ್ತೊಂಬತ್ತು ವರ್ಷದಲ್ಲಿ ಆ ಜಾಗದಲ್ಲಿ ಮೊದಲ ಸಹಿ ಹಾಕಿದ್ದು ಭಾವ ಅವತ್ತೇ.

ಪೆನ್ನು ಎತ್ತಿದರು.

ಟಕ್.

ಗೋಡೆಯ ಪಕ್ಕದ ಕಬ್ಬಿಣದ ಬೀರುವಿನ ಒಳಗಿಂದ. ಒಂದೇ ಸಲ. ಸ್ಪಷ್ಟವಾಗಿ.

ಮೇಡಂ ತಲೆಯೆತ್ತಿದರು. “ಏನದು?”

ಮೇಡಂ ಎದ್ದು ಬೀರು ತೆರೆದು ಉಕ್ಕಿನ ಪೆಟ್ಟಿಗೆ ಹೊರತೆಗೆದರು. ಬೀಗ ಹಾಕಿದ ಹಾಗೇ ಇತ್ತು. ಅರಗಿನ ಮುದ್ರೆ ಒಡೆದಿರಲಿಲ್ಲ. ಅದನ್ನು ಅವರೇ ಒಡೆದು ಮುಚ್ಚಳ ಎತ್ತಿದರು. ಮೂಗಿನ ಮೇಲಿನ ಕನ್ನಡಕ ತೆಗೆದು ತಲೆಯ ಮೇಲಿನದನ್ನು ಹಾಕಿಕೊಂಡು ಎಣಿಸಿದರು. ಚೀಟಿ ನೋಡಿದರು. ಮತ್ತೆ ಎಣಿಸಿದರು.

ಎಂಟು.

ಎಂಟನೇ ನಟ್ಟಿನ ಮೇಲೆ ಅರ್ಧ ಕೆಂಪು ಗೆರೆ ಇತ್ತು, ಜೋಡಣೆಯ ಲೋಹದ ಮೇಲೆ ಉಳಿದಿದ್ದ ಅರ್ಧಕ್ಕೆ ಸರಿಯಾಗಿ ಕೂಡುವಂಥದ್ದು. ಭಾವ ಅದನ್ನು ಎತ್ತಿ ನೋಡಿ, ವಾಪಸು ಇಟ್ಟು, ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು. ಗೆರೆ ಒಣಗಿರಲಿಲ್ಲ.

ಆ ಸಂಜೆ ಮನೆಗೆ ಹೋಗುವಾಗ ಜಾಲರಿಯ ಮೇಲೆ ಟೋಪಿ ಇರಲಿಲ್ಲ. ಬಾವಿಯಿಂದ ಮತ್ತೆ ಸದ್ದು ಬರಲಿಲ್ಲ. ಅಕ್ಕನ ನಲ್ಲಿಯೂ ಸುಮ್ಮನಾಯಿತು. ನೀರು ಮಾತ್ರ ಇವತ್ತಿಗೂ ಉಪ್ಪೇ ಇದೆಯಂತೆ, ಅದನ್ನು ಈಗ ಗಿಡಕ್ಕೂ ಹಾಕುವುದಿಲ್ಲ. ಭಾವನಿಗೆ ಶಿಕ್ಷೆಯಾಯಿತು, ಕೆಲಸ ಹೋಯಿತು. ಈಗ ಹೊಲಿಗೆ ಮಿಷನ್ನು ರಿಪೇರಿ ಮಾಡುತ್ತಾರೆ. ಬೇಗ ಕೊಡಿ ಎಂದು ಯಾರಾದರೂ ಅವಸರ ಮಾಡಿದರೆ ತಲೆಯೆತ್ತದೆ ‘ಒಂದ್ನಿಮಿಷ’ ಅನ್ನುತ್ತಾರೆ. ಮೇಡಮ್ಮಿನ ವರದಿಯಲ್ಲಿ ಒಂದು ಪುಟದಲ್ಲಿ ನಟ್ಟು ಏಳು ಎಂದಿದೆ, ಮೂರು ಪುಟದ ನಂತರ ಎಂಟು ಎಂದಿದೆ. ನಡುವೆ ಏನಾಯಿತೆಂದು ಆಕೆ ಬರೆಯಲಿಲ್ಲ, ಯಾರೂ ತಿದ್ದಲಿಲ್ಲ. ವರದಿ ಯಾವುದೋ ಬೀರುವಿನಲ್ಲಿ ಬೀಗದೊಳಗಿದೆ.

ನಾನು ನಂಬಲಿಲ್ಲ ಎಂದು ನನ್ನ ಮುಖ ನೋಡಿಯೇ ಅಕ್ಕನಿಗೆ ಗೊತ್ತಾಯಿತು. ಎದ್ದು ಹೋಗಿ ಪ್ಲಾಸ್ಟಿಕ್ ಚೀಲವೊಂದನ್ನು ತಂದು ನನ್ನ ಮುಂದೆ ಬಿಚ್ಚಿದಳು. ಭಾವನ ಆ ಕರವಸ್ತ್ರ. ಮೂಲೆಯಲ್ಲಿ ಬೆರಳಿನಷ್ಟು ಅಗಲದ ಕೆಂಪು ಕಲೆ. ಹನ್ನೊಂದು ವರ್ಷ ಹಳೆಯದು. ನಾನು ಹೆಬ್ಬೆರಳಿನಿಂದ ಮುಟ್ಟಿದೆ. ಬೆರಳಿಗೆ ಬಣ್ಣ ಅಂಟಿತು. ಎರಡು ಸಲ ಸೋಪು ಹಾಕಿ ತೊಳೆಯಬೇಕಾಯಿತು. ಇದು ನಡೆದದ್ದು... ನನ್ನ ಬೆರಳು ಇದು, ಬೇರೆಯವರದ್ದಲ್ಲ.

ನಿಮ್ಮಿಂದ ಒಂದು ಕೆಲಸವಾಗಬೇಕು. ಭಾವ ಬಾಯಿ ಮುಚ್ಚಿಕೊಂಡಿದ್ದ ಆ ನಾಲ್ಕು ದಿನದಲ್ಲಿ ಹೊರಟ ಸುದ್ದಿ ಎಲ್ಲೆಲ್ಲಿಗೆ ಹೋಗಿದೆಯೋ ಗೊತ್ತಿಲ್ಲ. ಎಲ್ಲರಿಗೂ ಹೇಳುತ್ತೇನೆಂದು ಅವರು ಆ ಬಾಗಿಲಲ್ಲಿ ಮಾತು ಕೊಟ್ಟಿದ್ದಾರೆ. ಅವರೊಬ್ಬರ ಬಾಯಿ ಸಾಲದೆಂದು ಅಕ್ಕ ನನಗೆ ಹೇಳಿದಳು, ನಾನು ನಿಮಗೆ ಹೇಳಿದೆ. ನೀವೂ ಯಾರಿಗಾದರೂ ಹೇಳಿ. ದೆವ್ವವನ್ನು ಬೇಕಾದರೆ ಬಿಟ್ಟುಬಿಡಿ, ಬಾವಿಯನ್ನೂ ಬಿಡಿ. ಇಷ್ಟು ಮಾತ್ರ ಬಿಡಬೇಡಿ: ನಿಧಾನಣ್ಣ ಏಳು ನಟ್ಟು ಬಿಗಿಮಾಡಿದ್ದ, ಏಳು ಗೆರೆ ಎಳೆದಿದ್ದ. ಎಂಟನೆಯದು ಆತನದಲ್ಲ.